ಪ್ರೊಸೆಸರ್ ಛಲೋ ಅದ, ಬೋರ್ಡ್ ಹೋಗ್ಯಾದ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ರಾಜರ ಕಥೆ ಇಲ್ಲ. ಸೇಡಂ ತಾಲೂಕಿನವನಾಗಿ ಇತಿಹಾಸ ಅಂದಕೂಡಲೇ ಮಳಖೇಡ, ರಾಷ್ಟ್ರಕೂಟರು, ಅಮೋಘವರ್ಷ ಅಂತ ಶುರು ಮಾಡೋದು ನನಗೆ ಅಭ್ಯಾಸ. ಇವತ್ತಿನ ಇತಿಹಾಸ ಬರೀ ಮೂವತ್ತು ಮೂವತ್ತೈದು ವರ್ಷದ್ದು. ಅಂಗೈಯಲ್ಲಿ ಹಿಡಿಸೋ ಒಂದು ಚಿಪ್ಪಿನದು.

2021ರಲ್ಲಿ ನಮ್ಮ ಮನೆಯ ಲ್ಯಾಪ್‌ಟಾಪ್ ಸತ್ತಿತು. 2013ರಲ್ಲಿ ನಾನು ಪಿಯುಸಿ ಕಾಮರ್ಸ್ ಸೇರಿದಾಗ ಅಪ್ಪ ಕೊಡಿಸಿದ್ದು. ಅದರಲ್ಲೇ ನಾನು ಬಿಕಾಂ ಮುಗಿಸಿದೆ, ಅದರಲ್ಲೇ ಅಪ್ಪನ ಅಡತಿ ಅಂಗಡಿಯ ತೊಗರಿ ಲೆಕ್ಕ ಟ್ಯಾಲಿಗೆ ಏರಿತು. ಆ ವರ್ಷ ತಂಗಿಯ ಬಿಕಾಂ ಕ್ಲಾಸ್ ಪೂರ್ತಿ ಆನ್‌ಲೈನ್. ಒಂದು ಸಂಜೆ ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು, ಲ್ಯಾಪ್‌ಟಾಪ್ ಮಾತ್ರ ಬರಲಿಲ್ಲ.

ಸೇಡಂನ ರಿಪೇರಿ ಅಣ್ಣ ಬಿಚ್ಚಿ ನೋಡಿದರು. ಮೊದಲು ಹಾರ್ಡ್ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಚ್ಚಿ, ಅಪ್ಪನ ಲೆಕ್ಕ ಎಲ್ಲ ಸುರಕ್ಷಿತ ಅದ ಅಂತ ತೋರಿಸಿದರು. ಅವ್ವ ದೇವರ ಮುಂದೆ ದೀಪ ಹಚ್ಚಿದ್ದಳು, ಅದು ಬೇರೆ ಮಾತು. ಆಮೇಲೆ ಮೀಟರ್ ಹಿಡಿದು ಅರ್ಧ ತಾಸು ಕೂತು ಹೇಳಿದರು:

"ತಮ್ಮಾ, ಪ್ರೊಸೆಸರ್ ಛಲೋ ಅದ. ಬೋರ್ಡ್ ಹೋಗ್ಯಾದ. ಬೋರ್ಡ್ ತಂದ್ರ ಹಾಕಿ ಕೊಡ್ತೀನಿ, ಆದ್ರ ನನ್ನ ಹತ್ರ ಇಲ್ಲ."

ಪ್ರೊಸೆಸರನ್ನ ಒಂದು ಸಣ್ಣ ಡಬ್ಬಿಯಲ್ಲಿ ಹತ್ತಿ ಇಟ್ಟು ಕೈಗೆ ಕೊಟ್ಟರು. ಹಸಿರು ಹಲಗೆ, ಮಧ್ಯ ಕನ್ನಡಿಯಂಥ ಸಣ್ಣ ತುಂಡು, ಕೆಳಗೆ 988 ಚಿನ್ನದ ಬಣ್ಣದ ಸೂಜಿಗಳು. ಇಂಟೆಲ್ ಕೋರ್ ಐ5, 3210ಎಂ. ಕೊನೆಯ 'ಎಂ' ಅಂದರೆ ಮೊಬೈಲ್. ಇಲ್ಲಿ ಮೊಬೈಲ್ ಅಂದ್ರೆ ಫೋನಲ್ಲ, ಹೊತ್ತುಕೊಂಡು ತಿರುಗೋ ಕಂಪ್ಯೂಟರ್. ಕೂತಲ್ಲೇ ಕೂರೋ ಡೆಸ್ಕ್‌ಟಾಪ್‌ಗೆ ಒಂದು ಜಾತಿ ಪ್ರೊಸೆಸರ್, ತಿರುಗೋ ಲ್ಯಾಪ್‌ಟಾಪ್‌ಗೆ ಇನ್ನೊಂದು ಜಾತಿ. ಈ ಎರಡು ಜಾತಿ ಹೇಗೆ ಆದವು ಅನ್ನೋದೇ ನಮ್ಮ ಕಥೆ.

ಮೊದಮೊದಲು ಬೇರೆ ಜಾತಿ ಇರಲಿಲ್ಲ. ಡೆಸ್ಕ್‌ಟಾಪ್‌ನ ಚಿಪ್ಪನ್ನೇ ಸ್ವಲ್ಪ ಕಡಿಮೆ ಕರೆಂಟ್ ತಿನ್ನೋ ಹಾಗೆ ಮಾಡಿ ಹೊತ್ತೊಯ್ಯೋ ಪೆಟ್ಟಿಗೆಯಲ್ಲಿ ಕೂರಿಸ್ತಿದ್ದರು. 1990ರ ಅಕ್ಟೋಬರಿನಲ್ಲಿ ಇಂಟೆಲ್ 386ಎಸ್‌ಎಲ್ ಅನ್ನೋ ಚಿಪ್ ತಂತು. 8 ಲಕ್ಷ 55 ಸಾವಿರ ಟ್ರಾನ್ಸಿಸ್ಟರ್, 20 ಮೆಗಾಹರ್ಟ್ಜ್. ಇದನ್ನ ಲ್ಯಾಪ್‌ಟಾಪ್‌ಗೆ ಅಂತಲೇ ಮಾಡಿದ್ದು. ಅದರ ವಿಶೇಷ ವೇಗದಲ್ಲಿ ಇರಲಿಲ್ಲ, ನಿದ್ದೆ ಮಾಡೋದ್ರಲ್ಲಿ ಇತ್ತು. ಕೆಲಸ ಇಲ್ಲದಾಗ ಕಂಪ್ಯೂಟರ್ ಸದ್ದಿಲ್ಲದೆ ನಿಧಾನ ಆಗಬೇಕು, ಬ್ಯಾಟರಿ ಉಳಿಸಬೇಕು, ಕೀ ಒತ್ತಿದ ತಕ್ಷಣ ಎದ್ದೇಳಬೇಕು. ಇವತ್ತು ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಮಲಗ್ತದಲ್ಲ, ಆ ಗುಣದ ಬೇರು ಅಲ್ಲಿದೆ.

1990ರ ದಶಕದಲ್ಲಿ ಈ ಮೊಬೈಲ್ ಚಿಪ್ಪನ್ನ ಬೋರ್ಡಿಗೆ ಹೇಗೆ ಕೂಡಿಸಬೇಕು ಅನ್ನೋದ್ರ ಬಗ್ಗೆ ಒಂದೇ ಒಪ್ಪಂದ ಇರಲಿಲ್ಲ. ತೆಳುವಾದ ಪಟ್ಟಿಯ ಮೇಲೆ ಅಂಟಿಸಿ ಬೋರ್ಡಿಗೆ ಬೆಸೆದದ್ದುಂಟು. 1997ರಲ್ಲಿ ಇಂಟೆಲ್ 'ಮೊಬೈಲ್ ಮಾಡ್ಯೂಲ್' ತಂತು: ಪ್ರೊಸೆಸರ್, ಅದರ ಕ್ಯಾಶ್ ಮೆಮೊರಿ, ಚಿಪ್‌ಸೆಟ್‌ನ ಅರ್ಧ ಭಾಗ ಎಲ್ಲ ಒಂದು ಸಣ್ಣ ಹಲಗೆಯ ಮೇಲೆ, ಆ ಹಲಗೆಯನ್ನ ದೊಡ್ಡ ಬೋರ್ಡಿಗೆ ಚುಚ್ಚಿದರೆ ಆಯಿತು. ಕೆಟ್ಟರೆ ಹಲಗೆ ಕಿತ್ತು ಬೇರೆ ಹಾಕು. ಕೇಳೋಕೆ ಎಷ್ಟು ಚಂದ! ಆದರೆ ಅದು ದಪ್ಪ, ಲ್ಯಾಪ್‌ಟಾಪ್ ಕಂಪನಿಗಳಿಗೆ ತೆಳು ಬೇಕು. ಕೆಲವೇ ವರ್ಷ ಬಾಳಿತು. ಅದರ ಜಾಗಕ್ಕೆ ಸಣ್ಣ ಸೂಜಿಗಳ ಸಾಕೆಟ್ ಬಂತು: ಬೋರ್ಡಿನ ಮೇಲೆ ತೂತುಗಳ ಒಂದು ಮನೆ, ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಚಿಪ್ ಸಡಿಲ, ಮತ್ತೆ ತಿರುಗಿಸಿದರೆ ಬಿಗಿ. ನನ್ನ ಡಬ್ಬಿಯಲ್ಲಿದ್ದದ್ದು ಈ ವಂಶದ್ದು.

ಈ ವಂಶದ ಹೀರೋ 2003ರ ಮಾರ್ಚ್‌ನಲ್ಲಿ ಬಂದ ಪೆಂಟಿಯಂ ಎಂ. ಇಸ್ರೇಲಿನ ಹೈಫಾದಲ್ಲಿ ಇಂಟೆಲ್‌ನ ತಂಡ ರೂಪಿಸಿದ್ದು. ಆಗ ಡೆಸ್ಕ್‌ಟಾಪ್‌ನಲ್ಲಿ ಪೆಂಟಿಯಂ 4ರ ಕಾಲ. ಗಿಗಾಹರ್ಟ್ಜ್ ಏರಿಸೋದೇ ಹಬ್ಬ. 2004ರ ಹೊತ್ತಿಗೆ ಅದರ ಮೇಲ್ದರ್ಜೆಯ ಚಿಪ್‌ಗಳು ನೂರು ವಾಟ್ ದಾಟಿದ್ದವು. ನಮ್ಮ ಕಲಬುರಗಿ ಬೇಸಿಗೆಯಲ್ಲಿ ಅದೊಂದು ಒಲೆಯೇ. ಪೆಂಟಿಯಂ ಎಂ ಸುಮಾರು 25 ವಾಟ್‌ನಲ್ಲಿ ನಡೀತಿತ್ತು, ಗಡಿಯಾರದ ವೇಗ ಕಡಿಮೆ ಇದ್ದರೂ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಗಿಗಾಹರ್ಟ್ಜ್‌ನ ಪೆಂಟಿಯಂ 4ಕ್ಕೆ ಸಮ ನಿಲ್ತಿತ್ತು. ಜನ ಏನು ಮಾಡಿದರು ಗೊತ್ತಾ? ಲ್ಯಾಪ್‌ಟಾಪ್‌ಗೆ ಹುಟ್ಟಿದ ಈ ಚಿಪ್ಪಿಗೆ ಡೆಸ್ಕ್‌ಟಾಪ್ ಬೋರ್ಡ್ ಹುಡುಕೋಕೆ ಹೊರಟರು.

ಅಂದರೆ ನನ್ನ 2021ರ ಹುಡುಕಾಟವನ್ನ ಜಗತ್ತು 2004ರಲ್ಲೇ ಮಾಡಿತ್ತು. ಡಿಎಫ್‌ಐ, ಎಓಪನ್ ಅನ್ನೋ ತೈವಾನಿನ ಕಂಪನಿಗಳು ಮೊಬೈಲ್ ಚಿಪ್ ಕೂರೋ ಡೆಸ್ಕ್‌ಟಾಪ್ ಬೋರ್ಡ್ ತಂದವು. ಬೆಲೆ ಮಾತ್ರ ಜಾಸ್ತಿ. 2005ರಲ್ಲಿ ಅಸೂಸ್ ಒಂದು ಜಾಣತನ ಮಾಡಿತು: ಸಿಟಿ-479 ಅನ್ನೋ ಸಣ್ಣ ಅಡಾಪ್ಟರ್. ತನ್ನವೇ ಕೆಲವು ಪೆಂಟಿಯಂ 4 ಬೋರ್ಡುಗಳ ಸಾಕೆಟ್ ಮೇಲೆ ಇದನ್ನ ಕೂರಿಸಿ, ಇದರ ಮೇಲೆ ಪೆಂಟಿಯಂ ಎಂ ಕೂರಿಸಬಹುದು. ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಲೇಬೇಕು. ಈ ಬಯಾಸ್ ಅನ್ನೋ ಮಾತು ನೆನಪಿಟ್ಟುಕೊಳ್ಳಿ, ಚಿತ್ತಾಪುರಕ್ಕೆ ಹೋದಾಗ ಬೇಕಾಗ್ತದ. ಕೊನೆಗೆ 2006ರಲ್ಲಿ ಇಂಟೆಲ್ ಕೂಡ ಪೆಂಟಿಯಂ 4ರ ದಾರಿ ಬಿಟ್ಟು, ಪೆಂಟಿಯಂ ಎಂ ವಂಶದ ದಾರಿಯಲ್ಲೇ ಕೋರ್ 2 ಡ್ಯುಯೊ ತಂತು. ಲ್ಯಾಪ್‌ಟಾಪ್ ಮಗ ಡೆಸ್ಕ್‌ಟಾಪ್ ಮನೆಯ ಯಜಮಾನ ಆದ.

ಸರಿ, ನನ್ನ ಡಬ್ಬಿಗೆ ಬರೋಣ.

ಊರಿನ ಗೆಳೆಯರ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ: ಹಳೇ, ಕೆಟ್ಟ ಲ್ಯಾಪ್‌ಟಾಪ್ ಯಾರ ಹತ್ರ ಅದಾವ, ಹೇಳ್ರಿ. ಮೊದಲ ಫೋನ್ ವಾಡಿಯಿಂದ ಬಂತು. ಅದೇ 2012ರ ತಲೆಮಾರಿನ ಐ5, ಸ್ಕ್ರೀನ್ ಹೋಗಿದೆ, ಬೋರ್ಡ್ ಸರಿ ಇದೆ. ಖುಷಿಯಿಂದ ಬೈಕ್ ಹತ್ತಿ ಹೋದೆ. ಬಿಚ್ಚಿದರೆ ತೆಳ್ಳಗಿನ ಅಲ್ಟ್ರಾಬುಕ್. ಪ್ರೊಸೆಸರ್ 3317ಯು. ಸೂಜಿ ಇಲ್ಲ, ಸಾಕೆಟ್ ಇಲ್ಲ. ಚಿಪ್ಪಿನ ಕೆಳಗೆ ಸಾವಿರಕ್ಕೂ ಹೆಚ್ಚು ತವರದ ಗುಂಡುಗಳು, ಅವೇ ಕರಗಿ ಬೋರ್ಡಿಗೆ ಬೆಸೆದುಕೊಂಡಿವೆ. ಇದನ್ನ ಬಿಜಿಎ ಅಂತಾರೆ. 2011ರಲ್ಲಿ ಇಂಟೆಲ್ ಅಲ್ಟ್ರಾಬುಕ್ ಅನ್ನೋ ಹೆಸರು ಕೊಟ್ಟಾಗ ಹಾಕಿದ ಷರತ್ತು 21 ಮಿಲಿಮೀಟರಿಗಿಂತ ತೆಳು ಅಂತ. ಅಷ್ಟು ತೆಳು ಬೇಕಂದ್ರೆ ಸಾಕೆಟ್‌ನ ಕೆಲವು ಮಿಲಿಮೀಟರ್ ಎತ್ತರವೂ ಭಾರ. ತಮಾಷೆ ಅಂದ್ರೆ ನನ್ನ 3210ಎಂ ಕೂಡ ಎರಡು ರೂಪದಲ್ಲಿ ಮಾರಾಟ ಆಗಿತ್ತು: ಸೂಜಿ ಇರೋದು, ಗುಂಡು ಇರೋದು. ಒಂದೇ ಮಿದುಳು, ಕಾಲು ಬೇರೆ.

ಚಿಂಚೋಳಿಯ ನಮ್ಮ ಕಾಕಾನ ಮಗನ ಲ್ಯಾಪ್‌ಟಾಪ್ 2014ರದ್ದು, ನನ್ನದಕ್ಕಿಂತ ಹೊಸದು. ಹೊಸದಲ್ವಾ, ಹಳೇದು ಕೂರ್ತದ ಅಂದುಕೊಂಡೆ. ಅವನು ಕವರ್ ಬಿಚ್ಚಿ ಫೋಟೋ ಕಳಿಸಿದ. ಪ್ರೊಸೆಸರ್ 4200ಎಂ. ಸಾಕೆಟ್ ಇದೆ, ಆದರೆ 988 ಅಲ್ಲ, 946. ಒಂದೇ ತಲೆಮಾರಿನ ಅಂತರ, ಸಾಕೆಟ್ ಬದಲು. ಇಂಟೆಲ್‌ಗೆ ಇದು ಹೊಸದಲ್ಲ. 2006ರ ಸಾಕೆಟ್ ಎಂ, 2007ರ ಸಾಕೆಟ್ ಪಿ ಎರಡಕ್ಕೂ 478 ಸೂಜಿ. ಎಣಿಸಿದರೆ ಸಮ, ಆದರೆ ಜೋಡಣೆ ಬೇರೆ, ಒಂದರದ್ದು ಇನ್ನೊಂದಕ್ಕೆ ನಡೆಯಲ್ಲ. ತಾಂತ್ರಿಕ ಕಾರಣ ಇರ್ತವೆ, ಒಳಗಿನ ವೋಲ್ಟೇಜ್ ವ್ಯವಸ್ಥೆ ಬದಲಾಗಿರ್ತದೆ, ಒಪ್ಪೋಣ. ಆದರೂ ಕಾಮರ್ಸ್ ಓದಿದವನ ಕಣ್ಣಿಗೆ ಇದರಲ್ಲಿ ವ್ಯಾಪಾರವೂ ಕಾಣ್ತದೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿ. 2017ಕ್ಕೆ ಮುಂಚೆ 60 ಇತ್ತು. ಅಂದ್ರೆ ಪುಸ್ತಕದಲ್ಲಿ ನನ್ನ ಪ್ರೊಸೆಸರಿನ ಬೆಲೆ ಯಾವಾಗಲೋ ಸೊನ್ನೆಗೆ ಹತ್ತಿರ ಬಂದಿತ್ತು. ಡಬ್ಬಿಯಲ್ಲಿ ಮಾತ್ರ ಅದು 2012ರಲ್ಲಿ ಎಷ್ಟು ವೇಗವೋ ಅಷ್ಟೇ ವೇಗದ್ದು.

ಇನ್ನು ಚಿತ್ತಾಪುರ. ಅಲ್ಲಿನ ಗೆಳೆಯನ ಹತ್ರ 2011ರ ಲ್ಯಾಪ್‌ಟಾಪ್. ಸಾಕೆಟ್ ಅದೇ, 988 ತೂತು. ಇಬ್ಬರೂ ಉಸಿರು ಬಿಗಿ ಹಿಡಿದು ನನ್ನ ಚಿಪ್ ಕೂರಿಸಿ, ಪೇಸ್ಟ್ ಹಚ್ಚಿ, ಬಟನ್ ಒತ್ತಿದೆವು. ಫ್ಯಾನ್ ತಿರುಗಿತು. ಲೈಟ್ ಹತ್ತಿತು. ಸ್ಕ್ರೀನ್ ಕಪ್ಪು. ಐದು ನಿಮಿಷ ಕಾದೆವು, ಕಪ್ಪೇ.

ಏನಾಗಿತ್ತು ಅಂದ್ರೆ, ಆ ಬೋರ್ಡಿನ ಚಿಪ್‌ಸೆಟ್ ಎಚ್‌ಎಂ65, ನನ್ನದು ಎಚ್‌ಎಂ76. ಬೋರ್ಡ್ ಆನ್ ಆದ ಕೂಡಲೇ ಮೊದಲು ಓಡೋ ತಂತ್ರಾಂಶ ಬಯಾಸ್. ಯಾವ ಪ್ರೊಸೆಸರ್ ಬಂದಿದೆ, ಅದಕ್ಕೆ ಎಷ್ಟು ವೋಲ್ಟೇಜ್, ಮೆಮೊರಿ ಹೇಗೆ ಎಬ್ಬಿಸಬೇಕು ಅಂತ ಅದಕ್ಕೆ ಗೊತ್ತಿರಬೇಕು. 2011ರ ಬಯಾಸಿಗೆ 2012ರ ಚಿಪ್ಪಿನ ಪರಿಚಯವೇ ಇಲ್ಲ. ಲ್ಯಾಪ್‌ಟಾಪ್ ಕಂಪನಿ ಅಪ್‌ಡೇಟ್ ಕೊಟ್ಟಿದ್ದರೆ ಪರಿಚಯ ಆಗ್ತಿತ್ತು, ಆ ಮಾಡೆಲಿಗೆ ಕೊಟ್ಟಿರಲಿಲ್ಲ. ತಿರುಗುಮುರುಗಾಗಿ, ಎಚ್‌ಎಂ76 ಬೋರ್ಡಿನಲ್ಲಿ 2011ರ ಚಿಪ್ ನಡೀತದೆ. ಹೊಸ ಬೋರ್ಡ್ ಹಳೇ ಚಿಪ್ಪನ್ನ ಗುರುತಿಸ್ತದೆ, ಹಳೇ ಬೋರ್ಡ್ ಹೊಸ ಚಿಪ್ಪನ್ನ ಗುರುತಿಸಲ್ಲ.

ಚಿತ್ತಾಪುರದಿಂದ ವಾಪಸ್ ಬರುವಾಗ ರೈಲು ಹಳಿ ನೋಡಿ ಒಂದು ವಿಚಾರ ಹೊಳೀತು. ಮುಂಬೈಯಿಂದ ರಾಯಚೂರಿಗೆ ಹೋಗೋ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಲೈನ್ 1871ರಲ್ಲಿ ವಾಡಿ ಮೇಲೆ ಹಾದುಹೋಯ್ತು. ನಿಜಾಮರ ರೈಲ್ವೆ 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಹೋಯ್ತು. ಕಂಪನಿ ಬೇರೆ, ಸರ್ಕಾರ ಬೇರೆ, ಆದರೆ ಎರಡೂ ಬ್ರಾಡ್ ಗೇಜ್, ಹಾಗಾಗಿ ಡಬ್ಬಿಗಳು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿದವು. ಅದೇ ಮುಂಬೈ ಲೈನಿನ ಹೋಟಗಿ ಜಂಕ್ಷನ್‌ಗೆ ಗದಗದಿಂದ ಬಂದದ್ದು ಮೀಟರ್ ಗೇಜ್. ಅಲ್ಲಿ ಸಾಮಾನನ್ನ ಇಳಿಸಿ ಹಮಾಲರ ಬೆನ್ನ ಮೇಲೆ ಹೊರಿಸಿ ಇನ್ನೊಂದು ರೈಲಿಗೆ ಹಾಕಬೇಕಿತ್ತು. ಲ್ಯಾಪ್‌ಟಾಪ್ ಬೋರ್ಡುಗಳ ಲೋಕ ಪೂರ್ತಿ ಹೋಟಗಿ. ಡೆಸ್ಕ್‌ಟಾಪಿನಲ್ಲಿ ಬೋರ್ಡಿನ ಅಳತೆಗೆ ಎಟಿಎಕ್ಸ್ ಅನ್ನೋ ಒಪ್ಪಂದ 1995ರಿಂದ ಇದೆ, ಯಾರ ಬೋರ್ಡಾದರೂ ಯಾರ ಡಬ್ಬಕ್ಕಾದರೂ ಕೂರ್ತದೆ. ಲ್ಯಾಪ್‌ಟಾಪಿಗೆ ಅಂಥ ಒಪ್ಪಂದ ಇಲ್ಲ. ಪ್ರತಿ ಮಾಡೆಲಿಗೆ ಬೋರ್ಡ್ ಬೇರೆ ಆಕಾರ, ಚಾರ್ಜರ್ ತೂತು ಬೇರೆ ಜಾಗ, ಸ್ಕ್ರೂ ಬೇರೆ ಜಾಗ.

ಕಲಬುರಗಿಯ ಒಂದು ಸರ್ವಿಸ್ ಸೆಂಟರಿನಲ್ಲಿ ಹುಡುಗ ಕಂಪ್ಯೂಟರ್ ನೋಡಿ, "ಸರ, ಪಾರ್ಟ್ ಬಂದಾಗಿ ಎಷ್ಟೋ ವರ್ಷ ಆಯ್ತು. ಹೊಸದು ತಗೋರಿ" ಅಂದ. ಅವನ ತಪ್ಪಲ್ಲ. ಆದರೆ ಆ ಹೊತ್ತಿಗೆ ಎಲ್ಲರ ಮನೆಯಲ್ಲೂ ಆನ್‌ಲೈನ್ ಕ್ಲಾಸು, ಹೊಸ ಲ್ಯಾಪ್‌ಟಾಪ್ ನಲವತ್ತು ಸಾವಿರಕ್ಕೆ ಕಡಿಮೆ ಇಲ್ಲ. ಅಪ್ಪ ಏನೂ ಹೇಳಲಿಲ್ಲ. ತಂಗಿ ನನ್ನ ಫೋನಿನ ಆರು ಇಂಚಿನಲ್ಲಿ ಕಾಸ್ಟ್ ಅಕೌಂಟಿಂಗ್ ಟೇಬಲ್ ನೋಡ್ತಾ ಕೂತಿರ್ತಿದ್ದಳು.

ಸಿಕಂದರಾಬಾದಿಗೂ ಹೋದೆ. ನಮ್ಮ ಕಡೆಯವರಿಗೆ ಬೆಂಗಳೂರಿನ ಎಸ್‌ಪಿ ರೋಡ್ ದೂರ, ಪಾರ್ಕ್‌ಲೇನ್‌ನ ಸಿಟಿಸಿ ಹತ್ತಿರ. ಚೆನಾಯ್ ಟ್ರೇಡ್ ಸೆಂಟರ್. ಕಂಪ್ಯೂಟರ್ ಸಾಮಾನಿಗೆ ಅದು ಸಂತೆ. ಅಲ್ಲೊಬ್ಬರು ಹಿರಿಯ ಅಂಗಡಿಯವರು ಉರ್ದು ಬೆರೆತ ಕನ್ನಡದಲ್ಲಿ ನನಗೆ ನಿಜವಾದ ಪಾಠ ಹೇಳಿದರು. ಲ್ಯಾಪ್‌ಟಾಪಿನ ಮೇಲಿನ ಹೆಸರು ಬಿಡು, ಬೋರ್ಡಿನ ಮೇಲೆ ಅಚ್ಚು ಹಾಕಿರೋ ನಂಬರ್ ಹೇಳು ಅಂದರು. ಯಾಕಂದ್ರೆ ದೊಡ್ಡ ಬ್ರ್ಯಾಂಡುಗಳು ಬೋರ್ಡನ್ನ ಬಹುತೇಕ ತಾವೇ ಮಾಡಲ್ಲ. ಕಾಂಪಾಲ್, ಕ್ವಾಂಟಾ, ವಿಸ್ಟ್ರಾನ್ ಅನ್ನೋ ತೈವಾನ್ ಕಂಪನಿಗಳು ಮಾಡಿಕೊಡ್ತವೆ. ಕಾಂಪಾಲ್ ಬೋರ್ಡಿನ ನಂಬರ್ 'ಎಲ್‌ಎ' ಅಂತ ಶುರುವಾಗ್ತದೆ, ಕ್ವಾಂಟಾದ್ದು 'ಡಿಎ0' ಅಂತ. ಒಂದೇ ಬೋರ್ಡ್ ಎರಡು ಮೂರು ಮಾಡೆಲುಗಳಲ್ಲಿ ಇರಬಹುದು. ನಂಬರ್ ಒಂದೇ ಇದ್ದರೂ ಗ್ರಾಫಿಕ್ಸ್ ಚಿಪ್ ಇರೋದು, ಇಲ್ಲದ್ದು ಅಂತ ಭೇದ ಇರ್ತದೆ, ಅದಕ್ಕೆ ತಕ್ಕ ಹೀಟ್‌ಸಿಂಕ್ ಬೇರೆ.

"ಗ್ರಾಫಿಕ್ಸ್ ಇಲ್ಲದ್ದೇ ತಗೋ ಬೇಟಾ, ಜಾಸ್ತಿ ದಿನ ಬರ್ತದ" ಅಂದರು. ಅದರ ಹಿಂದೆಯೂ ಇತಿಹಾಸ ಇದೆ. 2006ರ ಜುಲೈನಿಂದ ಯೂರೋಪ್ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸ ನಿರ್ಬಂಧಿಸಿತು, ಬೆಸುಗೆಯ ಲೋಹ ಬದಲಾಯ್ತು. ಆ ಹೊಸ ಬೆಸುಗೆ ಹೆಚ್ಚು ಗಡಸು. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳು ಬಿಸಿ–ತಣ್ಣಗೆ ಆಗಿ ಆಗಿ ಕೆಡ್ತಿವೆ ಅಂತ ಒಪ್ಪಿ, ಅದರ ವೆಚ್ಚಕ್ಕೆ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಅಲ್ಲಿ ದೋಷ ಚಿಪ್ಪಿನ ಒಳಗಿನ ಸಣ್ಣ ಬೆಸುಗೆಯದ್ದು ಅಂತ ಆಯ್ತು. ಆದರೆ ಊರೂರಿನ ರಿಪೇರಿ ಅಂಗಡಿಗಳಿಗೆ ಹಾಟ್ ಏರ್ ಗನ್ನು, 'ರೀಬಾಲಿಂಗ್' ಮೆಷಿನ್ನು ಬಂದ ಕಾಲ ಅದು. ಬಿಸಿ ಮಾಡಿದರೆ ಒಂದು ತಿಂಗಳು ನಡೀತದೆ, ಮತ್ತೆ ಕೆಡ್ತದೆ. ಅಷ್ಟರಲ್ಲಿ ದುಡ್ಡು ಕೊಟ್ಟಾಗಿರ್ತದೆ.

ಸಿಟಿಸಿಯಲ್ಲಿ ನನ್ನ ನಂಬರಿನ ಬೋರ್ಡ್ ಇತ್ತು. ಹನ್ನೆರಡು ಸಾವಿರ, ಒಂದು ತಿಂಗಳ ಗ್ಯಾರಂಟಿ. ಬೋರ್ಡ್ ಬಿಟ್ಟು ಬರೀ ರೈಲಿನಲ್ಲಿ ವಾಪಸ್ ಬಂದೆ.

ಆ ರೈಲಿನಲ್ಲಿ ಫೋನಿನಲ್ಲಿ ಓದ್ತಾ ಕೂತಾಗ ಸಿಂಪ್ಯೂಟರ್ ಕಥೆ ಸಿಕ್ಕಿತು. ಹೊತ್ತೊಯ್ಯೋ ಕಂಪ್ಯೂಟರಿನ ವಿಷಯದಲ್ಲಿ ನಮ್ಮ ಕರ್ನಾಟಕದ ಸ್ವಂತ ಕಥೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದರು. ಹಳ್ಳಿಯ ಜನರಿಗೆ ಅಗ್ಗದ, ಅವರ ಭಾಷೆಯ, ಕೈಯಲ್ಲಿ ಹಿಡಿಯೋ ಕಂಪ್ಯೂಟರ್. ಒಂದೇ ಸಾಧನವನ್ನ ಊರಿನ ಹಲವರು ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಳ್ಳೋ ವಿಚಾರ. 2001ರಲ್ಲಿ ಮಾದರಿ ತೋರಿಸಿದರು. 2004ರಲ್ಲಿ ಪಿಕೋಪೀಟಾ ಕಂಪನಿಗಾಗಿ ನಮ್ಮ ಬಿಇಎಲ್ ಕಾರ್ಖಾನೆ 'ಅಮಿಡಾ' ಅನ್ನೋ ಸಿಂಪ್ಯೂಟರ್ ತಯಾರಿಸಿತು, ಆರಂಭದ ಬೆಲೆ ಸುಮಾರು ಹತ್ತು ಸಾವಿರ. ಕೈ ವಾಲಿಸಿದರೆ ಪುಟ ತಿರುಗ್ತಿತ್ತು, ಐಫೋನ್ ಬರೋಕೆ ಮೂರು ವರ್ಷ ಮುಂಚೆ!

ಅದರ ಪ್ರೊಸೆಸರ್ ಸ್ಟ್ರಾಂಗ್‌ಆರ್ಮ್ 1110, 206 ಮೆಗಾಹರ್ಟ್ಜ್. ಹುಟ್ಟಿದ್ದು ಅಮೆರಿಕದ ಡಿಇಸಿ ಕಂಪನಿಯ ವಂಶದಲ್ಲಿ. ಡಿಇಸಿ ಮತ್ತು ಇಂಟೆಲ್ ನಡುವೆ ಕೋರ್ಟ್ ಜಗಳ 1997ರಲ್ಲಿ ರಾಜಿ ಆದಾಗ ಆ ವಂಶ ಇಂಟೆಲ್ ಪಾಲಾಯ್ತು. ಇಂಟೆಲ್ ಬೇಗ ಅದನ್ನ ಬಿಟ್ಟು ಎಕ್ಸ್‌ಸ್ಕೇಲ್ ಅನ್ನೋ ಹೊಸ ವಂಶ ತಂತು, 2006ರಲ್ಲಿ ಅದನ್ನೂ 60 ಕೋಟಿ ಡಾಲರಿಗೆ ಮಾರ್ವೆಲ್‌ಗೆ ಮಾರಿತು.

ಇಲ್ಲಿ ನನಗೆ ಮೈ ಜುಮ್ ಅಂದ ವಿಷಯ ಇದು. ಸಿಂಪ್ಯೂಟರಿನ ಬೋರ್ಡ್ ವಿನ್ಯಾಸ ಮುಚ್ಚಿಟ್ಟದ್ದಲ್ಲ. ಲೈಸೆನ್ಸ್ ಪಡೆದು ಯಾರು ಬೇಕಾದರೂ ಮಾಡಲಿ ಅಂತ ಟ್ರಸ್ಟ್ ಒಂದು ಸಾರ್ವಜನಿಕ ಲೈಸೆನ್ಸೇ ಬರೆದಿತ್ತು. ಅಂದ್ರೆ ಅವರ ಹತ್ರ ಬೋರ್ಡಿನ ನಕ್ಷೆ ಇತ್ತು, ಚಿಪ್ಪಿನ ವಂಶ ಮಾತ್ರ ಕೈ ಬದಲಾಯಿಸ್ತಾ ಹೋಯ್ತು. ನನ್ನ ಹತ್ರ ಚಿಪ್ ಇತ್ತು, ಬೋರ್ಡ್ ಇಲ್ಲ. ಸಿಂಪ್ಯೂಟರ್ ಸೋತದ್ದು ಚಿಪ್ಪಿನಿಂದ ಅಂತ ನಾನು ಹೇಳ್ತಿಲ್ಲ. ಹತ್ತು ಸಾವಿರ ಹಳ್ಳಿಗೆ ಅಗ್ಗ ಅಲ್ಲ, ಅಷ್ಟರಲ್ಲಿ ಮೊಬೈಲ್ ಫೋನ್ ಬಂದಿತ್ತು. ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಹೋಗಲಿಲ್ಲ. ಸಿಂಪ್ಯೂಟರ್ ಯಾರಿಗಾಗಿ ಹುಟ್ಟಿತೋ ಆ ನಮ್ಮ ಹಳ್ಳಿಗಳ ರೈತರು ಕಂಪ್ಯೂಟರಿನ ಮುಖ ನೋಡಿದ್ದು ತಾಲೂಕು ಕಚೇರಿಯ 'ಭೂಮಿ' ಕಿಟಕಿಯಲ್ಲಿ, ಪಹಣಿ ತಗೊಳ್ಳೋವಾಗ.

ಬೋರ್ಡ್ ಸಿಕ್ಕದ್ದು ಶಹಾಬಾದಿನಲ್ಲಿ. ಗುಜರಿ ಅಂಗಡಿಯಲ್ಲಿ, ನಮ್ಮ ಕಡೆ ಭಂಗಾರ ಅಂತೀವಿ. ಭ ಮಹಾಪ್ರಾಣ, ಬಂಗಾರ ಅಲ್ಲ. ಅಲ್ಲಿನ ಒಬ್ಬ ರಿಪೇರಿ ಹುಡುಗ, ನನಗಿಂತ ಚಿಕ್ಕವನು, ಭಂಗಾರದವರಿಂದ ಕೆಜಿ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಕೊಂಡು ಬಿಚ್ಚಿ ಬಿಚ್ಚಿ ಜೋಡಿಸಿಟ್ಟಿದ್ದ. ನಂಬರ್ ಹೇಳಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದ: "ಅಣ್ಣಾ, ಅದಾ ನಂಬರ್ ಅದ. ಸ್ಕ್ರೀನ್ ಒಡದದ, ಕೀಬೋರ್ಡ್ ಇಲ್ಲ. ಒಳಗ ಐ3 ಅದ. ಗ್ರಾಫಿಕ್ಸ್ ಇಲ್ರಿ." ಮೂರೂವರೆ ಸಾವಿರ. ನಾನು ಅವನ ಮುಂದೆಯೇ ಕೂತೆ. ಐ3 ತೆಗೆದ, ನನ್ನ ಹತ್ತಿಯ ಡಬ್ಬಿಯಿಂದ ಐ5 ಎತ್ತಿದ, ಮೂಲೆಯ ಬಾಣದ ಗುರುತಿಗೆ ಮೂಲೆ ಹೊಂದಿಸಿದ, ಒತ್ತಲಿಲ್ಲ, ಸುಮ್ಮನೆ ಬಿಟ್ಟ. ತನ್ನ ಭಾರಕ್ಕೇ ಇಳಿದು ಕೂತಿತು. ಅರ್ಧ ಸುತ್ತು ಬಿಗಿದ. ಬಟನ್ ಒತ್ತಿದ ನಾಲ್ಕನೇ ಸೆಕೆಂಡಿಗೆ ಲೋಗೋ ಬಂತು.

ಇದೇ ಪ್ರಯೋಗ ಇನ್ನು ಕೆಲವು ವರ್ಷಕ್ಕೆ ಸಾಧ್ಯ ಆಗಲ್ಲ. ಸಾಕೆಟ್ ಇದ್ದ ಇಂಟೆಲ್ ಮೊಬೈಲ್ ಪ್ರೊಸೆಸರುಗಳ ಕೊನೆಯ ತಲೆಮಾರು ಚಿಂಚೋಳಿಯ ಆ 4200ಎಂನದ್ದೇ. ಅದರ ಮುಂದಿನ ಬ್ರಾಡ್‌ವೆಲ್‌ನಿಂದ ಇಂಟೆಲ್‌ನ ಮೊಬೈಲ್ ಚಿಪ್ಪೆಲ್ಲ ಬೆಸೆದದ್ದೇ. ಬೋರ್ಡ್ ಹೋದರೆ ಪ್ರೊಸೆಸರ್ ಕೂಡ ಹೋಯ್ತು ಅಂತ ಲೆಕ್ಕ. 2021ರಲ್ಲೇ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ ಬೇರೆ ದಾರಿ ಹಿಡಿದು, ಪ್ರೊಸೆಸರ್ ಬೆಸೆದ ಬೋರ್ಡನ್ನೇ ಬದಲಿಸಬಲ್ಲ ಲ್ಯಾಪ್‌ಟಾಪ್ ತಂತು: ಹಳೇ ಮೈ, ಹೊಸ ಬೋರ್ಡ್. 1997ರ ಮಾಡ್ಯೂಲ್ ದೊಡ್ಡದಾಗಿ ಮರಳಿ ಬಂದಂತೆ. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 'ರಿಪೇರಿ ಹಕ್ಕು' ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ಬಂತು. ಕಂಪನಿಗಳ ಕೈಪಿಡಿ, ಬಿಡಿಭಾಗದ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಪೋರ್ಟಲ್ ಒಳ್ಳೇದೇ. ಆದರೆ ಶಹಾಬಾದಿನ ಆ ಹುಡುಗನಿಗೆ ಬೇಕಾದ್ದು ಬೋರ್ಡಿನ ಸರ್ಕ್ಯೂಟ್ ನಕ್ಷೆ. ಅದನ್ನ ಅವನು ಈಗಲೂ ಯಾರೋ ಕಳಿಸಿದ ಪಿಡಿಎಫ್‌ನಲ್ಲೇ ನೋಡ್ತಾನೆ.

ತಂಗಿ ಅದೇ ಲ್ಯಾಪ್‌ಟಾಪಿನಲ್ಲಿ ಡಿಗ್ರಿ ಮುಗಿಸಿದಳು. ಈಗ ಅದು ಅಪ್ಪನ ಗಲ್ಲೆ ಮೇಲಿದೆ, ಬ್ಯಾಟರಿ ಇಲ್ಲದೆ, ನೇರ ಕರೆಂಟಿಗೆ, ಮಧ್ಯದಲ್ಲಿ ಒಂದು ಯುಪಿಎಸ್. ಐ3 ಚಿಪ್ಪನ್ನ ಹುಡುಗ ನನಗೇ ಕೊಟ್ಟ. ಅದೇ ಡಬ್ಬಿಯಲ್ಲಿ, ಅದೇ ಹತ್ತಿಯಲ್ಲಿ ಇದೆ. ನಿಮ್ಮ ಹತ್ರ ಎಚ್‌ಎಂ76 ಬೋರ್ಡ್ ಇದ್ದು ಪ್ರೊಸೆಸರ್ ಬೇಕಿದ್ದರೆ ಹೇಳಿ, ಸೇಡಂಗೆ ಬಂದು ಚಹಾ ಕುಡಿದು ತಗೊಂಡು ಹೋಗಿ.